ತಿಂಗಳಿಗೆ ಇಷ್ಟು ಗೆಲ್ಲಬೇಕು ಎಂಬ ಗುರಿ ಪೋಕರ್‌ಗೆ ಯಾಕೆ ಒಗ್ಗುವುದಿಲ್ಲ

ಪೋಕರನ್ನು ಗಂಭೀರವಾಗಿ ಹಚ್ಚಿಕೊಂಡವರು ಬರೆದಿಟ್ಟುಕೊಳ್ಳುವ ಮೊದಲ ಗುರಿ ಸಾಮಾನ್ಯವಾಗಿ ಹಣದ್ದೇ. ಈ ತಿಂಗಳು ಇಪ್ಪತ್ತು ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ಹಣ) ಗೆಲ್ಲಬೇಕು, ವರ್ಷ ಮುಗಿಯುವುದರೊಳಗೆ ಎರಡು ಹಂತ ಮೇಲಿನ, ಅಂದರೆ ಪಣ ಇನ್ನೂ ದೊಡ್ಡದಿರುವ ಟೇಬಲ್‌ನಲ್ಲಿ ಕೂತಿರಬೇಕು. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಇವತ್ತು ಟೇಬಲ್ ಮುಂದೆ ಕೂತಾಗ ಏನು ಮಾಡಬೇಕು ಎಂದು ಹೇಳದ ಗುರಿ ಕೆಲಸಕ್ಕೆ ಬರುವುದಿಲ್ಲ. ಹಣದ ಗುರಿ ಅದನ್ನು ಹೇಳುವುದಿಲ್ಲ, ಮೇಲಾಗಿ ಕೆಟ್ಟದಾಗಿ ಆಡುವ ಕಡೆಗೆ ತಳ್ಳುತ್ತದೆ.

ಲೆಕ್ಕ ನೋಡಿ. ಆರು ಜನರ ನೋ-ಲಿಮಿಟ್ ಹೋಲ್ಡೆಮ್ ಕ್ಯಾಶ್ ಗೇಮ್‌ನಲ್ಲಿ ಒಬ್ಬ ಆಟಗಾರನ ವಿನ್‌ರೇಟ್ (ಸರಾಸರಿ ಗೆಲುವು) ನೂರು ಹ್ಯಾಂಡ್‌ಗೆ, ಅಂದರೆ ನೂರು ಸಲ ಎಲೆ ಹಂಚಿದಾಗ, 5 ಬಿಗ್ ಬ್ಲೈಂಡ್ ಎಂದುಕೊಳ್ಳೋಣ. ಬಿಗ್ ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಒಬ್ಬರು ಹಾಕಲೇಬೇಕಾದ ಪಣ; ಅದನ್ನು ಹಾಕುವ ಜಾಗಕ್ಕೂ ಇದೇ ಹೆಸರು. ಇದು ಒಳ್ಳೆಯ ಆಟಗಾರನ ಮಟ್ಟ. ಈ ಆಟದಲ್ಲಿ ನೂರು ಹ್ಯಾಂಡ್‌ನ ಫಲಿತಾಂಶಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯ ಸುತ್ತ ಫಲಿತಾಂಶ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಸುಮಾರು 90 ಬಿಗ್ ಬ್ಲೈಂಡ್. ತಿಂಗಳಿಗೆ 10,000 ಹ್ಯಾಂಡ್ ಆಡಿದರೆ ಬರಬೇಕಾದ ಗೆಲುವು 500 ಬಿಗ್ ಬ್ಲೈಂಡ್, ಅದರ ಸುತ್ತಲಿನ ಏರಿಳಿತ 900. ಅಂದರೆ ಇಷ್ಟು ಚೆನ್ನಾಗಿ ಆಡುವವರೂ ಇಂಥ ನೂರು ತಿಂಗಳಲ್ಲಿ ಸುಮಾರು 29 ತಿಂಗಳು ನಷ್ಟದಲ್ಲೇ ಮುಗಿಸುತ್ತಾರೆ. ಹ್ಯಾಂಡ್‌ಗಳ ಸಂಖ್ಯೆ ಹತ್ತು ಪಟ್ಟಾದರೆ ಗೆಲುವೂ ಹತ್ತು ಪಟ್ಟಾಗುತ್ತದೆ, ಏರಿಳಿತ ಹತ್ತರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಮಾತ್ರ ಬೆಳೆಯುತ್ತದೆ. ಹಾಗಾಗಿ 1,00,000 ಹ್ಯಾಂಡ್‌ನಲ್ಲಿ ನಷ್ಟದ ಸಾಧ್ಯತೆ ಶೇ 4ಕ್ಕೆ ಇಳಿಯುತ್ತದೆ. ಕ್ಲಬ್ಬಿನ ಟೇಬಲ್‌ನಲ್ಲಿ ಕೂತು ಆಡುವವರಿಗೆ ಗಂಟೆಗೆ ಸಿಗುವುದು ಸುಮಾರು 30 ಹ್ಯಾಂಡ್. ತಿಂಗಳಿಗೆ ನೂರು ಗಂಟೆ ಕೂತರೂ 1,00,000 ಹ್ಯಾಂಡ್ ಮುಟ್ಟಲು ಹತ್ತಿರ ಹತ್ತಿರ ಮೂರು ವರ್ಷ ಬೇಕು.

ಹಾಗಾದರೆ ಹಣ ಬಿಟ್ಟು ವಿನ್‌ರೇಟನ್ನೇ ಗುರಿ ಮಾಡಿಕೊಂಡರೆ? ಅದೂ ಆಗದು. 1,00,000 ಹ್ಯಾಂಡ್ ಆದಮೇಲೆ ಹ್ಯಾಂಡ್‌ಗಳ ದಾಖಲೆ ಇಡುವ ಸಾಫ್ಟ್‌ವೇರ್ 5 ಎಂದು ತೋರಿಸಿದರೂ ನಿಜವಾದ ಸಂಖ್ಯೆ ಸೊನ್ನೆಯ ಆಸುಪಾಸಿನಿಂದ ಹತ್ತರ ತನಕ ಎಲ್ಲಿ ಬೇಕಾದರೂ ಇರಬಹುದು. ಒಂದು ವರ್ಷದ ದುಡಿಮೆಯ ನಂತರವೂ ಇಷ್ಟು ಮಸುಕಾಗಿ ಕಾಣುವ ಅಳತೆಗೋಲನ್ನು ಹಿಡಿದು ತಿಂಗಳ ಗುರಿ ಅಳೆಯಲು ಹೋಗಬಾರದು.

ತಿಂಗಳ ಕೊನೆಯ ವಾರದಲ್ಲಿ ಆಗುವ ಹಾನಿಯನ್ನು ಗಮನಿಸಿ. ಗುರಿಗೆ ನಾಲ್ಕು ಬೈ-ಇನ್ ಕಡಿಮೆಯಿದ್ದರೆ ಆಟಗಾರ ದಣಿದಿದ್ದರೂ ಏಳುವುದಿಲ್ಲ. ಒಳ್ಳೆಯ ಟೇಬಲ್ ಇಲ್ಲದಿದ್ದರೆ ಸಿಕ್ಕಿದ ಟೇಬಲ್‌ಗೆ ಕೂರುತ್ತಾನೆ, ಒಂದು ಹಂತ ಮೇಲೆ ಹೋಗಿ ಒಂದೇ ರಾತ್ರಿಯಲ್ಲಿ ಮುಟ್ಟಿಸಿಬಿಡೋಣ ಅಂದುಕೊಳ್ಳುತ್ತಾನೆ. ಗುರಿ ಹದಿನೆಂಟನೇ ತಾರೀಕಿಗೇ ಮುಟ್ಟಿದರೆ ಬೇರೆ ತೊಂದರೆ: ಗೆದ್ದದ್ದನ್ನು ಕಾಪಾಡಲು ಆಡುವುದನ್ನೇ ನಿಲ್ಲಿಸುತ್ತಾನೆ, ಇಲ್ಲವೇ ಕೈ ಸಡಿಲ ಬಿಡುತ್ತಾನೆ. ದಿನದ ಗುರಿಯಂತೂ ಇನ್ನೂ ಕೆಟ್ಟದ್ದು. ಗೆಲ್ಲುವ ದಿನ ಒಂದೇ ಗಂಟೆಯಲ್ಲಿ ಎದ್ದು ಹೋಗುವುದು, ಸೋಲುವ ದಿನ ಎಂಟು ಗಂಟೆ ಕೂರುವುದು. ತಲೆ ಚುರುಕಾಗಿದ್ದಾಗ ಕಡಿಮೆ ಆಟ, ತಲೆ ಕೆಟ್ಟಾಗ ಹೆಚ್ಚು ಆಟ. ನಿಮ್ಮ ಸೆಷನ್‌ಗಳ ಅವಧಿಯನ್ನು ಗೆದ್ದ ದಿನ, ಸೋತ ದಿನ ಎಂದು ಎರಡು ಸಾಲಿನಲ್ಲಿ ಬರೆದು ಸರಾಸರಿ ತೆಗೆಯಿರಿ. ಸೋತ ದಿನಗಳ ಸರಾಸರಿ ಎದ್ದು ಕಾಣುವಷ್ಟು ಉದ್ದವಿದ್ದರೆ, ಬೇರೆ ಯಾವ ಲೀಕ್‌ಗಿಂತ (ಹಣ ಸೋರುವ ಆಟದ ತಪ್ಪಿಗಿಂತ) ಮೊದಲು ಸರಿಪಡಿಸಬೇಕಾದದ್ದು ಅದು.

ಕೈಯಳತೆಯಲ್ಲಿರುವ ಗುರಿ

ನಿಮ್ಮ ಹಿಡಿತದಲ್ಲಿರುವುದು ಮೂರು: ಎಷ್ಟು ಆಡುತ್ತೀರಿ, ಎಷ್ಟು ಓದುತ್ತೀರಿ, ಆಡುವಾಗ ಎಷ್ಟು ಎಚ್ಚರವಾಗಿರುತ್ತೀರಿ.

ಆಟದ ಪ್ರಮಾಣದ ಲೆಕ್ಕ ಸುಲಭ. ಆನ್‌ಲೈನ್‌ನಲ್ಲಿ ನಾಲ್ಕು ಟೇಬಲ್ ಹಾಕಿದರೆ ಗಂಟೆಗೆ ಸುಮಾರು 300 ಹ್ಯಾಂಡ್ ಸಿಗುತ್ತವೆ. ವಾರಕ್ಕೆ ಏಳು ಗಂಟೆ ಆಡಿದರೆ ಎರಡು ಸಾವಿರದ ಮೇಲೆ, ವರ್ಷಕ್ಕೆ ಲಕ್ಷ. ಬೇರೆ ಕೆಲಸ ಇಟ್ಟುಕೊಂಡು ಆಡುವವರಿಗೆ ಇಷ್ಟು ಸಾಕು. ಆದರೆ ಗುರಿಯನ್ನು ಹ್ಯಾಂಡ್‌ಗಳಲ್ಲಿ ಬರೆಯಬೇಡಿ, ಸೆಷನ್‌ಗಳಲ್ಲಿ ಬರೆಯಿರಿ. ಹ್ಯಾಂಡ್ ಎಣಿಸುವವರು ಸಂಖ್ಯೆ ಮುಟ್ಟಿಸಲು ಟೇಬಲ್ ಹೆಚ್ಚಿಸುತ್ತಾರೆ, ಕೊನೆಗೆ ಬರೀ ಗುಂಡಿ ಒತ್ತುತ್ತಾ ಕೂರುತ್ತಾರೆ. ವಾರಕ್ಕೆ ಕನಿಷ್ಠ ಮೂರು ಸೆಷನ್, ಗರಿಷ್ಠ ಐದು, ಒಂದೊಂದು 90 ನಿಮಿಷದಿಂದ ಎರಡು ಗಂಟೆ. ಮೇಲಿನ ಮಿತಿಯೂ ಕೆಳಗಿನ ಮಿತಿಯಷ್ಟೇ ಮುಖ್ಯ. ಕೆಳಗಿನದು ಎಷ್ಟು ಚಿಕ್ಕದಿರಬೇಕೆಂದರೆ ಅತಿ ಕೆಟ್ಟ ವಾರದಲ್ಲೂ ತಪ್ಪಬಾರದು. ಎರಡು ವಾರ ತಪ್ಪಿದ ಗುರಿಯನ್ನು ಮೂರನೇ ವಾರ ಯಾರೂ ತಿರುಗಿ ನೋಡುವುದಿಲ್ಲ.

ಓದಿನ ಗುರಿಯಲ್ಲಿ ಹೆಚ್ಚಿನವರು ಎಡವುತ್ತಾರೆ. ವಾರಕ್ಕೆ ಮೂರು ಗಂಟೆ ಓದುತ್ತೇನೆ ಎಂದು ಬರೆದುಕೊಂಡು ಆ ಮೂರು ಗಂಟೆ ವಿಡಿಯೊ ನೋಡಿ ಮುಗಿಸುತ್ತಾರೆ. ಬಿಗ್ ಬ್ಲೈಂಡ್‌ನಿಂದ ಚೆನ್ನಾಗಿ ಆಡಬೇಕು ಎಂದು ಬರೆದುಕೊಳ್ಳುವುದೂ ಗುರಿಯಲ್ಲ, ಹಾರೈಕೆ. ಅದನ್ನೇ ಗುರಿಯಾಗಿ ಬಿಡಿಸಿದರೆ ಹೀಗಿರುತ್ತದೆ.

ಮೊದಲು ಒಂದೇ ಸನ್ನಿವೇಶ ಆರಿಸಿ: ಬಟನ್ (ಎಲೆ ಹಂಚುವವನ ಜಾಗ) 2.5 ಬಿಗ್ ಬ್ಲೈಂಡ್‌ಗೆ ರೇಸ್ ಮಾಡಿದೆ (ಪಣ ಏರಿಸಿದೆ), ಸ್ಮಾಲ್ ಬ್ಲೈಂಡ್ (ಬಿಗ್ ಬ್ಲೈಂಡ್‌ನ ಅರ್ಧ ಪಣ ಹಾಕುವ ಜಾಗ) ಫೋಲ್ಡ್ ಮಾಡಿದೆ (ಎಲೆ ಬಿಟ್ಟಿದೆ), ನೀವು ಬಿಗ್ ಬ್ಲೈಂಡ್. ಪಾಟ್‌ನಲ್ಲಿ (ನಡುವೆ ಸೇರಿದ ಒಟ್ಟು ಪಣದಲ್ಲಿ) 4 ಇದೆ, ನೀವು ಹಾಕಬೇಕಾದ್ದು 1.5. ಒಟ್ಟು 5.5ರಲ್ಲಿ 1.5 ಅಂದರೆ ಶೇ 27. ಬೋರ್ಡ್ (ಎಲ್ಲರಿಗೂ ಸೇರಿದ ಐದು ಎಲೆ) ಪೂರ್ತಿ ಬರುವ ಹೊತ್ತಿಗೆ ಇಷ್ಟು ಪಾಲು ಸಿಗುವ ಎಲೆಗಳಿಗೆ ಕಾಲ್ ಮಾಡಬಹುದು, ಅಂದರೆ ಕೇಳಿದಷ್ಟು ಹಣ ಹಾಕಿ ಮುಂದುವರಿಯಬಹುದು ಅನ್ನುವುದು ಕಚ್ಚಾ ಲೆಕ್ಕ. ಫ್ಲಾಪ್ (ಬೋರ್ಡ್‌ನ ಮೊದಲ ಮೂರು ಎಲೆ) ನಂತರ ನೀವೇ ಮೊದಲು ಆಡಬೇಕಾಗಿರುವುದರಿಂದ ಸಿಗಬೇಕಾದ ಪಾಲು ಪೂರ್ತಿ ಕೈಗೆ ಬರುವುದಿಲ್ಲ, ಮೇಲೆ ರೇಕ್ (ಆಟ ನಡೆಸುವವರು ಪಾಟ್‌ನಿಂದ ತೆಗೆದುಕೊಳ್ಳುವ ಪಾಲು) ಕಡಿತ ಬೇರೆ. ಹಾಗಾಗಿ ಬೇರೆ ಬೇರೆ ಜಾತಿಯ (ಒಂದು ಆಟೀನು, ಒಂದು ಇಸ್ಪೀಟು ಎಂಬಂತೆ), ಸಂಖ್ಯೆಯಲ್ಲಿ ಅಂತರವಿರುವ ದುರ್ಬಲ ಎಲೆಗಳನ್ನು ಬಿಡಬೇಕು. ರೇಕ್ ಹೆಚ್ಚಿರುವ ಕೆಳಹಂತಗಳಲ್ಲಿ ಇನ್ನಷ್ಟು ಬಿಡಬೇಕು. ಇನ್ನೊಂದು ತುದಿಯಿಂದಲೂ ನೋಡಿ: ಬಿಗ್ ಬ್ಲೈಂಡ್‌ನಲ್ಲಿ ಎಲ್ಲವನ್ನೂ ಫೋಲ್ಡ್ ಮಾಡಿದರೆ ಅಲ್ಲಿಂದ ಆಡಿದ ಪ್ರತಿ ನೂರು ಹ್ಯಾಂಡ್‌ಗೆ ನೂರು ಬ್ಲೈಂಡ್ ನಷ್ಟ. ಅಲ್ಲಿ ಲಾಭ ಮಾಡಬೇಕೆಂದಿಲ್ಲ, ಆ ನಷ್ಟ ತಗ್ಗಿದರೆ ಅದೇ ಗಳಿಕೆ.

ಈಗ ನಾಲ್ಕು ವಾರದ ಯೋಜನೆ. ಮೊದಲ ವಾರ, ಹಿಂದೆ ಆಡಿದ ಹ್ಯಾಂಡ್‌ಗಳಲ್ಲಿ ಈ ಸನ್ನಿವೇಶವನ್ನಷ್ಟೇ ಸಾಫ್ಟ್‌ವೇರ್‌ನಲ್ಲಿ ಬೇರೆ ಮಾಡಿ, ನೀವು ಏನನ್ನು ಫೋಲ್ಡ್ ಮಾಡಿದ್ದೀರಿ ಎಂದು ಪಟ್ಟಿ ಮಾಡಿ ಸಾಲ್ವರ್‌ನ (ಸರಿಯಾದ ಆಟವನ್ನು ಲೆಕ್ಕಹಾಕುವ ಸಾಫ್ಟ್‌ವೇರ್‌ನ) ರೇಂಜ್, ಅಂದರೆ ಯಾವ ಎಲೆಗಳನ್ನು ಆಡಬೇಕು ಎಂಬ ಪಟ್ಟಿಯ ಜೊತೆ ಹೋಲಿಸಿ. ಎರಡನೇ ವಾರ, ದಿನಕ್ಕೆ ಇಪ್ಪತ್ತು ನಿಮಿಷ ಆ ರೇಂಜ್‌ನ ಬಾಯಿಪಾಠ. ಮೂರನೇ ವಾರ, ಎರಡೇ ಎರಡು ಬಗೆಯ ಫ್ಲಾಪ್ ಹಿಡಿದು ಯಾವಾಗ ಚೆಕ್-ರೇಸ್ (ಮೊದಲು ಪಣ ಹಾಕದೆ ಬಿಟ್ಟು, ಎದುರಾಳಿ ಹಾಕಿದ ಮೇಲೆ ಏರಿಸುವುದು), ಯಾವಾಗ ಬರೀ ಕಾಲ್ ಎಂದು ನೋಡಿ. ನಾಲ್ಕನೇ ವಾರ ಪರೀಕ್ಷೆ: 13 ಅಡ್ಡ 13ರ ಖಾಲಿ ಚೌಕ ತೆಗೆದುಕೊಂಡು, 169 ಬಗೆಯ ಆರಂಭದ ಎಲೆಗಳಲ್ಲಿ ಯಾವುದಕ್ಕೆ ಕಾಲ್, ಯಾವುದಕ್ಕೆ ರೇಸ್, ಯಾವುದಕ್ಕೆ ಫೋಲ್ಡ್ ಎಂದು ನೋಡದೆ ತುಂಬಿಸಿ. ಹತ್ತಕ್ಕಿಂತ ಕಡಿಮೆ ತಪ್ಪಿದ್ದರೆ ಗುರಿ ಮುಟ್ಟಿತು. ಆ ತಿಂಗಳು ಹಣದಲ್ಲಿ ಸೋತಿದ್ದರೂ ಮುಟ್ಟಿತು.

ಯಾವ ಲೀಕ್ ಮೊದಲು? ಎಷ್ಟು ಸಲ ಎದುರಾಗುತ್ತದೆ, ಪ್ರತಿ ಸಲ ಎಷ್ಟು ಕಳೆಯುತ್ತದೆ, ಇವೆರಡರ ಗುಣಲಬ್ಧ ನೋಡಿ. ಬಿಗ್ ಬ್ಲೈಂಡ್ ಆರು ಹ್ಯಾಂಡ್‌ಗೊಮ್ಮೆ ಬಂದೇ ಬರುತ್ತದೆ. ನಾಲ್ಕನೇ ರೇಸ್ ಬಿದ್ದ ಪಾಟ್‌ನಲ್ಲಿ ರಿವರ್‌ಗೆ (ಬೋರ್ಡ್‌ನ ಕೊನೆಯ ಎಲೆಗೆ) ದೊಡ್ಡ ಬ್ಲಫ್ ಹಾಕುವ ಸಂದರ್ಭ ಇಡೀ ವಾರದಲ್ಲಿ ಒಂದು ಸಲ ಬಂದರೂ ಹೆಚ್ಚು. ಆದರೂ ಹೆಚ್ಚಿನವರ ಓದು ಆ ರಿವರ್ ಬ್ಲಫ್ ಕಡೆಗೇ ಓಡುತ್ತದೆ, ಅದು ರೋಚಕ ಅನ್ನುವ ಕಾರಣಕ್ಕೆ. ಇನ್ನೊಂದು ತಪ್ಪು, ಮೂರು ಲೀಕ್‌ಗಳಿಗೆ ಒಟ್ಟಿಗೆ ಕೈ ಹಾಕುವುದು. ಆಡುವಾಗ ತಲೆಯಲ್ಲಿ ಒಂದು ಹೊಸ ವಿಷಯಕ್ಕೆ ಮಾತ್ರ ಜಾಗ ಇರುತ್ತದೆ, ಉಳಿದದ್ದು ಒತ್ತಡ ಬಿದ್ದ ಕೂಡಲೇ ಉದುರಿಹೋಗುತ್ತದೆ.

ಸೆಷನ್ ಮುಗಿದ ಮೇಲಿನ ಹದಿನೈದು ನಿಮಿಷ

ಎಚ್ಚರದ ಗುಣಮಟ್ಟವನ್ನು ಅಳೆಯಲು ಅರ್ಧ ಹಾಳೆ ಸಾಕು. ಕೂರುವ ಮೊದಲು ಒಂದು ಸಾಲು: ಇವತ್ತು ಗಮನ ಇಡುವ ಒಂದು ವಿಷಯ, ನಿದ್ದೆ ಮತ್ತು ಮನಸ್ಥಿತಿಗೆ ಹತ್ತರಲ್ಲಿ ಎಷ್ಟು. ಐದಕ್ಕಿಂತ ಕಡಿಮೆಯಿದ್ದರೆ ಆ ಹೊತ್ತನ್ನು ಓದಿಗೆ ಕೊಡಿ. ಎದ್ದ ಮೇಲೆ, ಸೋಲು ಗೆಲುವಿನ ಮೊತ್ತ ನೋಡುವ ಮೊದಲೇ, ಆಟಕ್ಕೆ ಎ, ಬಿ ಅಥವಾ ಸಿ ದರ್ಜೆ ಬರೆಯಿರಿ. ಮೊತ್ತ ನೋಡಿದ ಮೇಲೆ ಬರೆದ ದರ್ಜೆಗೆ ಬೆಲೆಯಿಲ್ಲ, ಗೆದ್ದ ದಿನಗಳೆಲ್ಲ ಎ ಆಗಿಬಿಡುತ್ತವೆ.

ಸಿ ದರ್ಜೆ ಅಂದರೆ ಏನು ಎಂದು ಮೊದಲೇ ಬರೆದಿಟ್ಟಿರಬೇಕು, ಅದೂ ನಿಮ್ಮದೇ ಲಕ್ಷಣಗಳಲ್ಲಿ. ಪಾಟ್ ಎಷ್ಟಿದೆ ಎಂದು ಎಣಿಸುವುದನ್ನು ಬಿಟ್ಟಿರಿ. ಎದುರಾಳಿ ಏನಿಟ್ಟಿದ್ದಾನೆ ನೋಡಿಬಿಡೋಣ ಎಂದು ಕಾಲ್ ಮಾಡಿದಿರಿ. ಆಡುತ್ತಾ ಮೊಬೈಲ್ ತೆಗೆದಿರಿ. ಒಬ್ಬನೇ ಆಟಗಾರನ ಬೆನ್ನು ಹತ್ತಿದಿರಿ. ಇವು ಟಿಲ್ಟ್‌ನ, ಅಂದರೆ ಭಾವನೆ ಕೆರಳಿ ಆಟ ಹದ ತಪ್ಪುವುದರ ಮೊದಲ ಗುರುತುಗಳು. ಬೈಗುಳ, ಮೇಜಿಗೆ ಗುದ್ದುವುದು ಎಲ್ಲ ಆಮೇಲಿನ ಮಾತು, ಆ ಹೊತ್ತಿಗೆ ಹಣ ಹೋಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಮಧ್ಯಮ ಮಟ್ಟದ ಆಟಗಾರರಿಗೆ ಎ ದರ್ಜೆಯ ಆಟವನ್ನು ಇನ್ನಷ್ಟು ಎತ್ತರಿಸುವುದಕ್ಕಿಂತ ಸಿ ದರ್ಜೆಯ ಗಂಟೆಗಳನ್ನು ಕಡಿಮೆ ಮಾಡುವುದರಲ್ಲೇ ಹೆಚ್ಚು ಲಾಭವಿದೆ. ಅದನ್ನೇ ಸಂಖ್ಯೆಯಾಗಿ ಬರೆಯಬಹುದು: ತಿಂಗಳಲ್ಲಿ ಸಿ ಬಿದ್ದ ಸೆಷನ್ ಎರಡಕ್ಕಿಂತ ಹೆಚ್ಚಾಗಬಾರದು.

ಹಾಳೆಯ ಕೊನೆಗೆ ಮೂರು ಹ್ಯಾಂಡ್ ಗುರುತು ಹಾಕಿ. ಫ್ಲಾಪ್‌ಗೆ ಮೊದಲೇ ಎಲ್ಲ ಹಣ ಹೋದ ಹ್ಯಾಂಡ್‌ಗಳು ಬೇಡ. ಜೋಡಿ ಎಕ್ಕದ ಎದುರು ಜೋಡಿ ರಾಜ ಸುಮಾರು ಶೇ 18ರಷ್ಟು ಸಲ ಗೆಲ್ಲುತ್ತದೆ. ಅದರಲ್ಲಿ ಕಲಿಯುವುದೇನಿಲ್ಲ, ನೋವು ಮಾತ್ರ ಮರುಕಳಿಸುತ್ತದೆ. ನಿರ್ಧಾರ ಮಾಡುವಾಗ ನಿಮಗೆ ಗೊಂದಲವಾದ ಹ್ಯಾಂಡ್ ಬೇಕು, ಗೆದ್ದದ್ದಾದರೂ ಸರಿ.

ಹುರುಪು ಇಳಿಯುವ ಹೊತ್ತು

ಮೇಲೆ ಹೇಳಿದ ವಿನ್‌ರೇಟ್ ಇರುವವರಿಗೂ 20 ಬೈ-ಇನ್ ಇಳಿತ ಬರುವುದು ಅಪರೂಪವಲ್ಲ. ಆಗ ಹುರುಪು ತುಂಬುವ ಮಾತುಗಳು ಎರಡು ದಿನವೂ ಬಾಳುವುದಿಲ್ಲ. ಮೊದಲೇ ಬರೆದಿಟ್ಟ ಕ್ರಮ ಬೇಕು: ಟೇಬಲ್ ನಾಲ್ಕರಿಂದ ಎರಡಕ್ಕೆ ಇಳಿಸಿ, ಒಂದು ಹಂತ ಕೆಳಗೆ ಆಡಿ, ವಾರದ ಕನಿಷ್ಠ ಸೆಷನ್ ಮಾತ್ರ ಇಟ್ಟುಕೊಂಡು ಉಳಿದ ಸಮಯ ಓದಿಗೆ ಹಾಕಿ. ಒಂದು ಸೆಷನ್‌ನಲ್ಲಿ ಮೂರು ಬೈ-ಇನ್ ಹೋದರೆ ಎದ್ದುಬಿಡಿ. ನಾಳೆ ಅದೃಷ್ಟ ತಿರುಗುತ್ತದೆ ಎಂದು ಈ ನಿಯಮ ಇಟ್ಟಿದ್ದಲ್ಲ, ಎಲೆಗಳಿಗೆ ನಿನ್ನೆಯ ನೆನಪಿಲ್ಲ. ಮೂರು ಬೈ-ಇನ್ ಕಳೆದವನ ತೀರ್ಮಾನ ಮೊದಲಿನಷ್ಟು ಚೆನ್ನಾಗಿರುವುದಿಲ್ಲ, ಅದಕ್ಕೆ ಈ ನಿಯಮ.

ಆಲ್-ಇನ್ ಇವಿ ಗೆರೆ (ಎಲ್ಲ ಹಣ ಹಾಕಿದ ಹ್ಯಾಂಡ್‌ಗಳಲ್ಲಿ ಸರಾಸರಿಯಾಗಿ ಬರಬೇಕಿದ್ದ ಗೆಲುವನ್ನು ಹಿಡಿದು ಸಾಫ್ಟ್‌ವೇರ್ ಎಳೆಯುವ ಗೆರೆ) ನೋಡಿ ಸಮಾಧಾನ ಪಡುವವರಿಗೆ ಒಂದು ಮಾತು. ಆ ಗೆರೆ ಎಲ್ಲ ಹಣ ಹೋದ ಮೇಲೆ ಬಿದ್ದ ಎಲೆಗಳ ಅದೃಷ್ಟವನ್ನಷ್ಟೇ ಸರಿದೂಗಿಸುತ್ತದೆ. ನಿಮ್ಮ ಸೆಟ್‌ಗೆ (ಒಂದೇ ಬೆಲೆಯ ಮೂರು ಎಲೆಗೆ) ಎದುರಾಗಿ ದೊಡ್ಡ ಸೆಟ್ ಬಂದದ್ದು, ಇಡೀ ವಾರ ಫ್ಲಾಪ್ ತಪ್ಪಿದ್ದು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆ ಗೆರೆಯೂ ಕೆಳಗಿದ್ದರೆ ಕೆಟ್ಟದಾಗಿ ಆಡಿದಿರಿ ಎಂದಾಗಲಿ, ಮೇಲಿದ್ದರೆ ಚೆನ್ನಾಗಿ ಆಡಿದಿರಿ ಎಂದಾಗಲಿ ಅರ್ಥವಲ್ಲ.

ಸತತ ಗೆಲುವಿನಲ್ಲೂ ಹುರುಪು ಕೆಡುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಮೊದಲು ನಿಲ್ಲುವುದು ಓದು, ಆಮೇಲೆ ಅರ್ಧ ಹಾಳೆ. ಆದ್ದರಿಂದ ಗೆಲುವಿನ ತಿಂಗಳಲ್ಲಿ ಓದಿನ ಗಂಟೆ ಕಡಿಮೆಯಾಗಿದೆಯೇ ಎಂದು ಮಾತ್ರ ನೋಡಿ. ಖಾತೆಯ ಮೊತ್ತವನ್ನು ಪರದೆಯಿಂದ ಮರೆಮಾಡುವ ಸೌಲಭ್ಯವಿದ್ದರೆ ಬಳಸಿ, ವಾರಕ್ಕೊಮ್ಮೆ ಬ್ಯಾಂಕ್‌ರೋಲ್ (ಆಟಕ್ಕೆಂದೇ ಎತ್ತಿಟ್ಟ ಹಣ) ಲೆಕ್ಕಕ್ಕೆ ನೋಡಿದರೆ ಸಾಕು.

ಟೂರ್ನಮೆಂಟ್ ಆಡುವವರಿಗೆ ಇದೆಲ್ಲ ಇನ್ನೂ ಕಠಿಣ. ಸಾಮಾನ್ಯವಾಗಿ ಬಹುಮಾನ ಸಿಗುವುದು ಶೇ 15ರಷ್ಟು ಜನಕ್ಕೆ. ಸಾಧಾರಣ ಆಟಗಾರನಿಗೆ ಸತತ ಹತ್ತು ಟೂರ್ನಮೆಂಟ್ ಬರಿಗೈಯಾಗುವ ಸಾಧ್ಯತೆ ಐದರಲ್ಲಿ ಒಂದು. 2006ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಸ್ಪರ್ಧೆಯಲ್ಲಿ 8,773 ಜನ ಇದ್ದರು. ಸರಾಸರಿ ಆಟಗಾರನ ಮೂರು ಪಟ್ಟು ಸಾಧ್ಯತೆ ಇರುವವನಿಗೂ ಅಂಥ ಸ್ಪರ್ಧೆ ಗೆಲ್ಲಲು ಸರಾಸರಿ 2,900ಕ್ಕೂ ಹೆಚ್ಚು ಪ್ರಯತ್ನ ಬೇಕು. ಅದನ್ನು ಗೆಲ್ಲುವುದು ಕನಸಾಗಿರಲಿ. ಗುರಿ, 15 ಬಿಗ್ ಬ್ಲೈಂಡ್‌ಗಿಂತ ಕಡಿಮೆ ಉಳಿದಾಗಿನ ಆಲ್-ಇನ್ ರೇಂಜ್‌ಗಳನ್ನು ತಪ್ಪಿಲ್ಲದೆ ಕಲಿಯುವುದಾಗಿರಲಿ.

ಮೇಲಿನ ಹಂತಕ್ಕೆ ಹೋಗುವುದಕ್ಕೂ ತಾರೀಕು ಬೇಡ, ಷರತ್ತು ಬೇಕು. ಮೇಲಿನ ಹಂತದ 40 ಬೈ-ಇನ್ ಕೈಯಲ್ಲಿದ್ದು, ಹಿಂದಿನ ತಿಂಗಳು ಸಿ ದರ್ಜೆಯ ಸೆಷನ್ ಎರಡನ್ನು ಮೀರದಿದ್ದರೆ ಐದು ಬೈ-ಇನ್ ಇಟ್ಟು ಪ್ರಯತ್ನಿಸಿ. ಐದೂ ಹೋದರೆ ಕೆಳಗೆ ಬನ್ನಿ. ಹಂತಗಳು ದುಪ್ಪಟ್ಟಾಗುತ್ತಾ ಹೋಗುವುದಾದರೆ ಕೆಳಗಿನ ಹಂತದ 70 ಬೈ-ಇನ್ ಇನ್ನೂ ಉಳಿದಿರುತ್ತದೆ. ಕೆಳಗೆ ಬರುವುದು ಯೋಜನೆಯಲ್ಲೇ ಬರೆದಿದ್ದರೆ ಅದು ಅವಮಾನ ಅನ್ನಿಸುವುದಿಲ್ಲ.

ಆಡಬೇಕೆಂಬ ಸೆಳೆತವನ್ನೆಲ್ಲ ಹುರುಪು ಎಂದುಕೊಳ್ಳಬಾರದು. ಮನೆಖರ್ಚಿನ ಹಣ ಟೇಬಲ್‌ಗೆ ಬರುತ್ತಿದ್ದರೆ, ಸೋತದ್ದನ್ನು ಮನೆಯವರಿಂದ ಮುಚ್ಚಿಡುತ್ತಿದ್ದರೆ, ಆಡಲು ಸಾಲ ಮಾಡಿದ್ದರೆ, ನಿಲ್ಲಿಸುತ್ತೇನೆ ಎಂದು ಎರಡು ಸಲ ಹೇಳಿ ನಿಲ್ಲಿಸಲಾಗದಿದ್ದರೆ ಗುರಿಗಳ ಪಟ್ಟಿ ಬದಿಗಿಡಿ. ಅದು ವ್ಯಸನದ ಲಕ್ಷಣ. ಖಾತೆಗೆ ನೀವೇ ತಡೆ ಹಾಕಿಸಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಯಾವ ಬ್ಯಾಂಕ್‌ರೋಲ್ ನಿಯಮವೂ ಅಲ್ಲಿ ಕೆಲಸ ಮಾಡುವುದಿಲ್ಲ.

ಮೂರು ತಿಂಗಳಿಗೊಮ್ಮೆ ಅರ್ಧ ಹಾಳೆಗಳನ್ನೆಲ್ಲ ಹರಡಿಕೊಂಡು ಕೂರಿ. ನಾಲ್ಕು ಸಂಖ್ಯೆ ತೆಗೆಯಿರಿ: ಕನಿಷ್ಠ ಸೆಷನ್ ತಪ್ಪಿದ ವಾರಗಳು, ಓದಿದ ಗಂಟೆಗಳು, ಸಿ ದರ್ಜೆ ಬಿದ್ದ ಸೆಷನ್‌ಗಳು, ಮುಗಿಸಿದ ಲೀಕ್‌ಗಳು. ಹದಿಮೂರು ವಾರದಲ್ಲಿ ನಾಲ್ಕಕ್ಕಿಂತ ಹೆಚ್ಚು ವಾರ ತಪ್ಪಿದ್ದರೆ ನಿಮ್ಮನ್ನು ಬೈದುಕೊಳ್ಳದೆ ಕನಿಷ್ಠವನ್ನು ಮೂರರಿಂದ ಎರಡಕ್ಕೆ ಇಳಿಸಿ. ಸಿ ದರ್ಜೆಗಳು ಯಾವ ದಿನ, ಯಾವ ಹೊತ್ತಿಗೆ ಬಿದ್ದಿವೆ ನೋಡಿ. ಸಾಮಾನ್ಯವಾಗಿ ಒಂದೇ ಕಡೆ ಗುಂಪಾಗಿರುತ್ತವೆ, ಉದಾಹರಣೆಗೆ ಕೆಲಸದಿಂದ ಬಂದು ಊಟ ಮಾಡದೆ ಕೂತ ರಾತ್ರಿಗಳು. ಮುಂದಿನ ಮೂರು ತಿಂಗಳ ಮೊದಲ ಗುರಿ ಆ ಹೊತ್ತಿನಲ್ಲಿ ಟೇಬಲ್ ತೆರೆಯದಿರುವುದು.