ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ವಿಆರ್ ಕನ್ನಡಕ: ಮಗುವಿನ ಭಯ ನಿಜವಾಗಿ ಕಮ್ಮಿಯಾಗುತ್ತಾ?

ಪ್ರಶ್ನೆ: ಮಗಳಿಗೆ ಆರು ವರ್ಷ. ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ಎರಡು ಕಡೆ ಕರೆದುಕೊಂಡು ಹೋದೆವು, ಬಾಯಿಯನ್ನೇ ತೆರೆಯಲಿಲ್ಲ. ಈಗ ಒಂದು ಕ್ಲಿನಿಕ್‌ನವರು ಮಕ್ಕಳಿಗೆ ವಿಆರ್ ಕನ್ನಡಕ (ವರ್ಚುವಲ್ ರಿಯಾಲಿಟಿ, ಕಣ್ಣು ಪೂರ್ತಿ ಮುಚ್ಚಿ ಒಳಗೇ ಚಿತ್ರ ತೋರಿಸುವ ಹೆಡ್‌ಸೆಟ್) ಹಾಕಿ ಟ್ರೀಟ್‌ಮೆಂಟ್ ಮಾಡ್ತೀವಿ, ನೋವೇ ಗೊತ್ತಾಗಲ್ಲ ಅಂತಿದ್ದಾರೆ. ಅದಕ್ಕೆ ಬೇರೆ ದುಡ್ಡು. ಇದು ಕೆಲಸ ಮಾಡುತ್ತಾ? ಕಣ್ಣಿಗೆ ತೊಂದರೆ ಇಲ್ವಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಭಯ ಕಮ್ಮಿಯಾಗುತ್ತದೆ. ಎಲ್ಲ ಮಕ್ಕಳಿಗೂ ಅಲ್ಲ, ಆದರೆ ಬಹಳಷ್ಟು ಮಕ್ಕಳಿಗೆ. ನೋವೂ ಒಂದಿಷ್ಟು ಕಮ್ಮಿ ಅನಿಸುತ್ತದೆ. ಆದರೆ "ನೋವೇ ಗೊತ್ತಾಗಲ್ಲ" ಅನ್ನೋದು ಜಾಹೀರಾತಿನ ಮಾತು. ಹುಳುಕು ಆಳಕ್ಕೆ ಇಳಿದಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು, ಕನ್ನಡಕ ಆ ಕೆಲಸ ಮಾಡುವುದಿಲ್ಲ. ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ: ಕನ್ನಡಕದ ಜೊತೆಗೆ ಮಗುವಿನ ಹತ್ತಿರ ಮಾತಾಡುತ್ತಿರುವ ಡಾಕ್ಟರು ಬೇಕು. ಕನ್ನಡಕ ಹಾಕಿ ತಾವು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವರಾದರೆ ದುಡ್ಡು ದಂಡ.

ಇದನ್ನು ಸುಮ್ನೆ ಹೇಳುತ್ತಿಲ್ಲ, ಇದಕ್ಕೊಂದು ಹಳೇ ಕಥೆ ಇದೆ. ಹಲ್ಲಿನ ಕುರ್ಚಿಯಲ್ಲಿ ಗಮನ ಬೇರೆ ಕಡೆ ಎಳೆಯುವ ಯಂತ್ರ ಹೊಸದೇನಲ್ಲ. 1960ರಲ್ಲಿ ಅಮೆರಿಕದ ಗಾರ್ಡ್‌ನರ್ ಎಂಬ ದಂತವೈದ್ಯರು ಮತ್ತು ಲಿಕ್‌ಲೈಡರ್ ಎಂಬ ವಿಜ್ಞಾನಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿ ಬರೆದರು. ರೋಗಿಯ ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಆರಾಮಾಗಿದ್ದಾಗ ಸಂಗೀತ. ನೋವು ಶುರುವಾಯಿತು ಅನಿಸಿದರೆ ಗುಂಡಿ ತಿರುಗಿಸಿ ಜಲಪಾತದಂಥ ಭೋರ್ಗರೆತವನ್ನು ಜೋರು ಮಾಡಿಕೊಳ್ಳಬೇಕು. ಬಹಳ ಜನಕ್ಕೆ ಇಷ್ಟರಲ್ಲೇ ನೋವು ಕಮ್ಮಿಯಾಯಿತು ಎಂದು ವರದಿ ಹೇಳಿತು. (ಈ ಲಿಕ್‌ಲೈಡರ್ ಮುಂದೆ ಕಂಪ್ಯೂಟರ್‌ಗಳನ್ನೆಲ್ಲ ಒಂದು ಜಾಲಕ್ಕೆ ಸೇರಿಸುವ ಯೋಚನೆ ಕೊಟ್ಟು, ಇಂಟರ್ನೆಟ್‌ನ ಹಿರಿಯರಲ್ಲಿ ಒಬ್ಬರಾದರು. ಶುರು ಮಾಡಿದ್ದು ಕಿವಿಯ ಸಂಶೋಧನೆಯಿಂದ!)

ಆಮೇಲೆ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಹಚ್ಚಿದರು. ಜನರನ್ನು ಮಂಜುಗಡ್ಡೆ ನೀರಿನ ಚಳಿಗೆ ಒಡ್ಡಿ, ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಎಂದು ನೋಡಿದರು. 1963ರಲ್ಲಿ ಬಂದ ಫಲಿತಾಂಶ ಸ್ವಾರಸ್ಯವಾಗಿದೆ. ಬರೀ ಸದ್ದು ಹಾಕಿದರೆ ಉಪಯೋಗವಿಲ್ಲ. "ಇದರಿಂದ ನೋವು ಕಮ್ಮಿಯಾಗುತ್ತೆ" ಎಂದು ಬರೀ ಬಾಯಲ್ಲಿ ಹೇಳಿದರೂ ಇಲ್ಲ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಜನ ಜಾಸ್ತಿ ಹೊತ್ತು ತಡೆದರು. ಇದೇ ಮೆಲ್ಜಾಕ್ 1965ರಲ್ಲಿ ಪ್ಯಾಟ್ರಿಕ್ ವಾಲ್ ಜೊತೆ ಸೇರಿ ನೋವಿನ ಬಗ್ಗೆ ಹೊಸ ಸಿದ್ಧಾಂತ ಮಂಡಿಸಿದರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಗೇಟು ಇದೆ, ಮೆದುಳು ತನ್ನ ಗಮನ ಮತ್ತು ಭಯಕ್ಕೆ ತಕ್ಕಂತೆ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು ಎಂದು.

ನಮ್ಮ ಹಿರಿಯರಿಗೆ ಇದು ಗೊತ್ತಿಲ್ಲದ್ದೇನಲ್ಲ. ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವನ ತೊಡೆ ಮೇಲೆ ಕೂರಿಸಿ, ಕೈಗೆ ಬಾಳೆಹಣ್ಣು ಕೊಟ್ಟು, ಎದುರಿಗೆ ಒಬ್ಬರು ಗಿಲಕಿ ಆಡಿಸುತ್ತಾರಲ್ಲ, ಅದೇ ಉಪಾಯ.

ವಿಆರ್ ಈ ಉಪಾಯವನ್ನು ಎಷ್ಟೋ ಪಟ್ಟು ಗಟ್ಟಿ ಮಾಡಿತು. ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಚಿತ್ರ, ತಲೆ ತಿರುಗಿಸಿದ ಕಡೆ ಚಿತ್ರವೂ ತಿರುಗುತ್ತದೆ. ಸುತ್ತಲ ಕೋಣೆಯೇ ಕಾಣುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಸುಟ್ಟಗಾಯದ ರೋಗಿಗಳಿಗೆ ಬಳಸಿದರು. ಬ್ಯಾಂಡೇಜ್ ಬಿಚ್ಚಿ ಗಾಯ ತೊಳೆಯುವುದು ಅಂದರೆ ಔಷಧಿ ಕೊಟ್ಟರೂ ಜೀವ ಹೋಗುವಂಥ ನೋವು. ಅವರಿಗೆಂದೇ ಮಾಡಿದ 'ಸ್ನೋವರ್ಲ್ಡ್' ಎಂಬ ಆಟದಲ್ಲಿ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತಾ ಪೆಂಗ್ವಿನ್‌ಗಳ ಮೇಲೆ ಹಿಮದ ಉಂಡೆ ಎಸೆಯುತ್ತಾನೆ. 2001ರಲ್ಲಿ ಇದೇ ತಂಡ ಹಲ್ಲಿನ ಕುರ್ಚಿಯಲ್ಲೂ ವಿಆರ್ ಪ್ರಯತ್ನಿಸಿತು. ವಸಡಿನ ಆಳಕ್ಕೆ ಹೋಗಿ ಪಾಚಿ ಕೆರೆಯುವಾಗ ಇಬ್ಬರು ದೊಡ್ಡವರಿಗೆ ಒಮ್ಮೆ ಸಿನಿಮಾ, ಒಮ್ಮೆ ವಿಆರ್, ಒಮ್ಮೆ ಏನೂ ಇಲ್ಲ. ವಿಆರ್ ಹಾಕಿದಾಗಲೇ ನೋವು ಅತಿ ಕಮ್ಮಿ ಅಂದರು. ಬರೀ ಇಬ್ಬರು, ಅದೂ ವಯಸ್ಸಾದವರು ಅನ್ನೋದು ನೆನಪಿರಲಿ. 2004ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ವಿಆರ್‌ನಲ್ಲಿದ್ದಾಗ ನೋವಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆಯೇ ತಗ್ಗಿತ್ತು. ಅಂದರೆ ಇದು ಬರೀ ಬಾಯಿಮಾತಿನ ಸಮಾಧಾನವಲ್ಲ.

ಮಕ್ಕಳ ಮೇಲೆ ಆಮೇಲೆ ಬೇಕಾದಷ್ಟು ಅಧ್ಯಯನಗಳು ನಡೆದಿವೆ. ಭಾರತದ ದಂತ ಕಾಲೇಜುಗಳಲ್ಲೂ ನಡೆದಿವೆ. ಸಾಮಾನ್ಯವಾಗಿ ಮಗುವಿನ ನಾಡಿಬಡಿತ ನೋಡುತ್ತಾರೆ, ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರ ತೋರಿಸಿ "ಈಗ ನೀನು ಯಾವುದು?" ಎಂದು ಕೇಳುತ್ತಾರೆ. ಹೆಚ್ಚಿನವುಗಳಲ್ಲಿ ಕನ್ನಡಕ ಹಾಕಿದ ಮಕ್ಕಳದ್ದೇ ಮೇಲುಗೈ. ಆದರೆ ಬಹುಪಾಲು ಅಧ್ಯಯನಗಳು ಸಣ್ಣವು. ಯಾರಿಗೆ ಕನ್ನಡಕ ಹಾಕಿದೆ ಎಂದು ಡಾಕ್ಟರಿಗೂ ಗೊತ್ತು, ಮಗುವಿಗೂ ಗೊತ್ತು. ಮುಚ್ಚಿಡುವ ದಾರಿಯೇ ಇಲ್ಲ. ಹೋಲಿಕೆಯೂ ಎಷ್ಟೋ ಸಲ "ಏನೂ ಇಲ್ಲದ" ಮಕ್ಕಳ ಜೊತೆಗೆ. ಚಾವಣಿಗೆ ಹಾಕಿದ ಟಿವಿಗಿಂತ ಕನ್ನಡಕ ಎಷ್ಟು ಮೇಲು ಅಂತ ಕೇಳಿದರೆ ಉತ್ತರ ಅಷ್ಟು ಖಡಕ್ಕಾಗಿ ಬರುವುದಿಲ್ಲ.

ಈಗ ಕುರ್ಚಿಯ ಹತ್ತಿರ ಬರೋಣ. ಇದನ್ನು ಸರಿಯಾಗಿ ಮಾಡುವ ಕ್ಲಿನಿಕ್‌ನಲ್ಲಿ ಮೊದಲ ಭೇಟಿಗೇ ಹಲ್ಲು ಕೊರೆಯುವುದಿಲ್ಲ. ಕನ್ನಡಕ ಮೊದಲು ಅಮ್ಮನ ಕಣ್ಣಿಗೆ ಹೋಗುತ್ತದೆ. ಅಮ್ಮ "ಅಯ್ಯೋ, ಮೀನು ಬಂತು!" ಅಂದರೆ ಮಗು ತಾನೇ ಕೈ ಚಾಚುತ್ತದೆ. ಕೆಲಸದ ದಿನ, ಒಂದು ಕಿವಿಗೆ ಮಾತ್ರ ಸದ್ದು. ಇನ್ನೊಂದು ಕಿವಿ ಡಾಕ್ಟರ ಮಾತಿಗೆ. ಅವರು ವಸಡನ್ನು ಹತ್ತಿಯಿಂದ ಒರೆಸಿ, ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾಯುತ್ತಾರೆ. ಸಿರಿಂಜ್ ಮಗುವಿನ ಗದ್ದದ ಕೆಳಗಿನಿಂದ ಸಹಾಯಕರ ಕೈಯಿಂದ ಡಾಕ್ಟರ ಕೈಗೆ ಹೋಗುತ್ತದೆ. "ಈಗ ಹಲ್ಲು ಮಲಗಿಸೋಣ, ಸ್ವಲ್ಪ ಚುರ್ ಅನ್ನುತ್ತೆ. ಆಮೆ ಎಲ್ಲಿದೆ ಹುಡುಕು ಪುಟ್ಟಿ" ಅನ್ನುತ್ತಾ, ಕೆನ್ನೆಯನ್ನು ಬೆರಳಲ್ಲಿ ಎಳೆದು ಹಿಡಿದು, ನಿಧಾನಕ್ಕೆ ಔಷಧಿ ಬಿಡುತ್ತಾರೆ. ಅವಸರ ಮಾಡಿದರೆ ಔಷಧಿ ಒಳಗೆ ಹೋಗುವ ಒತ್ತಡಕ್ಕೇ ನೋವಾಗುತ್ತದೆ. ಅದನ್ನು ಯಾವ ಆಮೆಯೂ ಮರೆಸುವುದಿಲ್ಲ.

ತೊಡಕುಗಳೂ ಇಲ್ಲೇ ಇವೆ. ಮೀನು ಬಲಕ್ಕೆ ಹೋದರೆ ಮಗುವಿನ ತಲೆಯೂ ಬಲಕ್ಕೆ ತಿರುಗುತ್ತದೆ. ಬಾಯಲ್ಲಿ ಏರೋಟರ್ ಇದೆ, ಅದು ನಿಮಿಷಕ್ಕೆ 3 ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗಿ ಹಲ್ಲು ಕೊರೆಯುವ ಯಂತ್ರ. ಹಾಗಾಗಿ ಚಿತ್ರದ ಗಮ್ಮತ್ತೆಲ್ಲ ಮುಂದೆಯೇ ನಡೆಯುವಂತಿರಬೇಕು. ಕೈ ಬೀಸುವ ಆಟ ಸುತರಾಂ ಬೇಡ. ಮಗು ಮಲಗಿರುವುದರಿಂದ ದೃಶ್ಯವನ್ನು ಚಾವಣಿಯ ಕಡೆಗೆ ಹೊಂದಿಸಿಕೊಳ್ಳಬೇಕು. ದೊಡ್ಡವರಿಗೆ ಮಾಡಿದ ಹೆಡ್‌ಸೆಟ್ ಸುಮಾರು ಅರ್ಧ ಕೆಜಿ ತೂಗುತ್ತದೆ, ಪುಟ್ಟ ಮೂಗಿನ ಮೇಲೆ ಕೂತು ಮೇಲಿನ ಮುಂದಿನ ಹಲ್ಲುಗಳಿಗೆ ಡಾಕ್ಟರ ಕೈಯೇ ಹೋಗದ ಹಾಗೆ ಮಾಡುತ್ತದೆ. ನಿಮ್ಮ ಮಗಳದ್ದು ಕೆಳದವಡೆ, ಆ ಮಟ್ಟಿಗೆ ಅನುಕೂಲ. ಎಲ್ಲಕ್ಕಿಂತ ದೊಡ್ಡ ತೊಡಕು, ಡಾಕ್ಟರಿಗೆ ಮಗುವಿನ ಕಣ್ಣು ಕಾಣುವುದಿಲ್ಲ. ನೋವಾದಾಗ ಮೊದಲು ಗಂಟಾಗುವುದು ಹುಬ್ಬು, ಅಳು ಆಮೇಲೆ. ಅದಕ್ಕೇ "ನೋವಾದ್ರೆ ಎಡಗೈ ಎತ್ತು, ನಾನು ನಿಲ್ಲಿಸ್ತೀನಿ" ಎಂದು ಮೊದಲೇ ಒಪ್ಪಂದ ಆಗಿರಬೇಕು. ಕೈ ಎತ್ತಿದಾಗ ನಿಜವಾಗಿ ನಿಲ್ಲಿಸಬೇಕು.

ಕಣ್ಣಿನ ವಿಷಯ. ಕೆಲವು ನಿಮಿಷ ಹಾಕಿದ ಮಾತ್ರಕ್ಕೆ ದೃಷ್ಟಿ ಹಾಳಾಗುತ್ತದೆ ಎಂದು ಹೆದರಬೇಕಾಗಿಲ್ಲ. ಆದರೆ ತಯಾರಕರೇ ವಯಸ್ಸಿನ ಗೆರೆ ಎಳೆದಿದ್ದಾರೆ. ಪ್ಲೇಸ್ಟೇಷನ್ ವಿಆರ್‌ಗೆ 12 ವರ್ಷ. ಮೆಟಾ ಕಂಪನಿಯ ಕ್ವೆಸ್ಟ್‌ಗೆ 13 ಇತ್ತು, 2023ರಲ್ಲಿ ಅಪ್ಪ ಅಮ್ಮನ ನಿಗಾ ಇದ್ದರೆ 10 ಸಾಕು ಅಂದರು. ಚಿಕ್ಕ ಮಕ್ಕಳ ಎರಡು ಕಣ್ಣುಗಳ ನಡುವಿನ ಅಂತರ ಕಡಿಮೆ, ದೊಡ್ಡವರ ಲೆನ್ಸ್ ಅವರಿಗೆ ಸರಿಯಾಗಿ ಕೂರುವುದಿಲ್ಲ. ಜೊತೆಗೆ ಚಿತ್ರ ದೂರ ಇದ್ದಂತೆ, ಹತ್ತಿರ ಬಂದಂತೆ ಕಂಡರೂ ಕಣ್ಣಿನ ಫೋಕಸ್ ಮಾತ್ರ ಒಂದೇ ಕಡೆ ನಿಂತಿರಬೇಕು. ಇದರಿಂದ ಕಣ್ಣಿಗೆ ಆಯಾಸ, ತಲೆನೋವು ಬರಬಹುದು. ಆರು ವರ್ಷದ ನಿಮ್ಮ ಮಗಳು ಈ ಯಾವ ಗೆರೆಯ ಒಳಗೂ ಬರುವುದಿಲ್ಲ. ಹಾಗಾಗಿ ಇಡೀ ಹೊತ್ತು ಹಾಕಿಡುವುದು ಬೇಡ. ಇಂಜೆಕ್ಷನ್ ಕೊಡುವಾಗ, ಕೊರೆಯುವಾಗ ಹಾಕಿ, ಸಿಮೆಂಟ್ ತುಂಬುವಾಗ ತೆಗೆದರಾಯಿತು. ಅಥವಾ ಮೊದಲು ಚಾವಣಿಯ ಟಿವಿಯಲ್ಲೇ ಆಗುತ್ತದಾ ನೋಡಲಿ. ನನ್ನ ಮಗಳಾಗಿದ್ದರೆ ಅಲ್ಲಿಂದಲೇ ಶುರು ಮಾಡಿಸುತ್ತಿದ್ದೆ.

ಮೂರ್ಛೆ ರೋಗ ಇರುವ ಮಕ್ಕಳಿಗೆ ಕನ್ನಡಕ ಬೇಡ. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಬಸ್ಸು ತಿರುಗುವ ಮೊದಲೇ ವಾಂತಿ ಮಾಡುವ ಮಗುವಾದರೆ ಡಾಕ್ಟರಿಗೆ ತಪ್ಪದೆ ಹೇಳಿ. ಕಣ್ಣಿಗೆ ಓಡುವ ದೃಶ್ಯ, ಮೈ ಮಾತ್ರ ಮಲಗಿದಲ್ಲೇ, ಇಂಥ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಬಾಯಿ ತುಂಬ ಹತ್ತಿ ಇರುವಾಗ ವಾಂತಿಯಾಗುವುದು ತಮಾಷೆಯಲ್ಲ. ಇನ್ನು ಕೆಲವು ಮಕ್ಕಳಿಗೆ ಏನು ಮಾಡುತ್ತಿದ್ದಾರೆ ಎಂದು ನೋಡುತ್ತಿದ್ದರೇ ಧೈರ್ಯ, ಕಣ್ಣು ಮುಚ್ಚಿದರೆ ದಿಗಿಲು. ಅವರಿಗೆ ಕೈಗೆ ಕನ್ನಡಿ ಕೊಡುವುದು ಮೇಲು. ಕೆನ್ನೆ ಊದಿ ಜ್ವರ ಬಂದ ಮಗುವಿಗೆ ಕನ್ನಡಕದ ಯೋಚನೆಯನ್ನೇ ಬಿಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಮತ್ತೆ, ಒಂದೇ ಹೆಡ್‌ಸೆಟ್ ಹತ್ತು ತಲೆಗೆ ಹೋಗುತ್ತದಲ್ಲ, ಒರೆಸುತ್ತಾರಾ, ಬಿಸಾಡುವ ಟೋಪಿ ಹಾಕುತ್ತಾರಾ ನೋಡಿಕೊಳ್ಳಿ. ಹೇನು ಮನೆಗೆ ಬಂದರೆ ಆಮೇಲೆ ಕಷ್ಟ.

ಮನೆಯಲ್ಲಿ ನಿಮ್ಮ ಕೆಲಸವೂ ಇದೆ. "ಹಠ ಮಾಡಿದ್ರೆ ಡಾಕ್ಟರ ಹತ್ರ ಇಂಜೆಕ್ಷನ್ ಕೊಡಿಸ್ತೀನಿ" ಅನ್ನೋದನ್ನು ಇವತ್ತಿನಿಂದ ನಿಲ್ಲಿಸಿ, ಅಜ್ಜಿಗೂ ಹೇಳಿ. "ನೋವೇ ಆಗಲ್ಲ" ಅನ್ನುವುದೂ ಬೇಡ. ಒಂದು ಸಲ ಚುಚ್ಚಿದ ಕೂಡಲೇ ಅದು ಸುಳ್ಳು ಅಂತ ಗೊತ್ತಾಗಿ, ಮುಂದೆ ನೀವು ಹೇಳುವ ನಿಜವನ್ನೂ ಮಗು ನಂಬುವುದಿಲ್ಲ.

ಮರೆಯುವ ಮುಂಚೆ: ಆ ದವಡೆ ಹಲ್ಲು ಹಾಲುಹಲ್ಲೇ ಅಂತ ಖಾತ್ರಿ ಮಾಡಿಕೊಂಡಿರಾ? ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಸದ್ದಿಲ್ಲದೆ ಒಂದು ಶಾಶ್ವತ ದವಡೆ ಹಲ್ಲು ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲು ಅಂದುಕೊಂಡು "ಬೀಳುತ್ತೆ ಬಿಡಿ" ಅಂತ ಕೂರುತ್ತಾರೆ. ನಿಜವಾದ ಹಾಲು ದವಡೆ ಹಲ್ಲಾದರೂ 10, 12 ವರ್ಷದವರೆಗೆ ಬೇಕಾಗುತ್ತದೆ, ಅಲ್ವಾ?

ದುಡ್ಡಿನ ಮಾತು. ಕನ್ನಡಕಕ್ಕೆ ಅಂತಲೇ ದೊಡ್ಡ ಮೊತ್ತ ಕೇಳಿದರೆ ನಾನಂತೂ ಕೊಡುವುದಿಲ್ಲ. ಆ ದುಡ್ಡಿನಲ್ಲಿ ಮಕ್ಕಳ ದಂತ ಚಿಕಿತ್ಸೆಯಲ್ಲೇ ಎಂಡಿಎಸ್ (ದಂತವೈದ್ಯರ ಸ್ನಾತಕೋತ್ತರ ಪದವಿ) ಮಾಡಿದವರನ್ನು ಹುಡುಕಿ. ಭಯ ತೀರಾ ಜಾಸ್ತಿ ಇದ್ದರೆ ಉಸಿರಿನ ಮೂಲಕ ಕೊಟ್ಟು ಭಯ ತಗ್ಗಿಸುವ ನಗೆ ಅನಿಲದ ಸೌಲಭ್ಯವೂ ಇಂಥ ಕೆಲವರ ಹತ್ತಿರ ಇರುತ್ತದೆ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: "ಮಗು ಮಧ್ಯದಲ್ಲಿ ಕನ್ನಡಕ ಕಿತ್ತು ಬಿಸಾಕಿದರೆ ಏನು ಮಾಡ್ತೀರಿ?" "ಹಾಗಾಗಲ್ಲ ಮೇಡಂ, ನೀವು ಬನ್ನಿ" ಅಂದರೆ ಬೇರೆ ಕ್ಲಿನಿಕ್ ನೋಡಿ. "ನಿಲ್ಲಿಸಿ, ಸಮಾಧಾನ ಮಾಡಿ, ಆಗದಿದ್ದರೆ ತಾತ್ಕಾಲಿಕ ಸಿಮೆಂಟ್ ಹಾಕಿ ಇನ್ನೊಂದು ದಿನ ಕರೀತೀವಿ" ಅಂದರೆ ಬೆಳಿಗ್ಗೆ ಹೊತ್ತಿನ ಅಪಾಯಿಂಟ್‌ಮೆಂಟ್ ತಗೊಳ್ಳಿ. ಸಂಜೆ ಹೊತ್ತಿಗೆ ಮಕ್ಕಳು ಸ್ಕೂಲು ಮುಗಿಸಿ ಸುಸ್ತಾಗಿರುತ್ತಾರೆ.