ಸ್ಯಾನ್‌ಫರ್ಡ್ ಗುಂಡೇಟು: ಫೋನ್ ಕರೆ ಹೇಳುವುದೆಷ್ಟು?

ಧ್ವನಿಮುದ್ರಣವೇ ಮುಖ್ಯ ಸಾಕ್ಷ್ಯವಾದ ಮೊಕದ್ದಮೆಗಳನ್ನು ಕೈಗೆತ್ತಿಕೊಳ್ಳುವ ಕಿರಿಯ ವಕೀಲರಿಗೆ, ಅಮೆರಿಕದ ಫ್ಲಾರಿಡಾ ರಾಜ್ಯದ ಸ್ಯಾನ್‌ಫರ್ಡ್ ಪ್ರಕರಣವನ್ನು ಮೊದಲು ಓದಿ ಎನ್ನುತ್ತೇನೆ. 2012ರ ಫೆಬ್ರುವರಿ 26ರ ಸಂಜೆ, ಅಲ್ಲಿನ ವಸತಿ ಬಡಾವಣೆಯೊಂದರಲ್ಲಿ ಸ್ವಯಂಸೇವಕನಾಗಿ ಕಾವಲು ನೋಡಿಕೊಳ್ಳುತ್ತಿದ್ದ 28 ವರ್ಷದ ಜಾರ್ಜ್ ಝಿಮ್ಮರ್‌ಮನ್, 17 ವರ್ಷದ ನಿರಾಯುಧ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್‌ನನ್ನು ಗುಂಡಿಟ್ಟು ಕೊಂದ. ಅದಕ್ಕೆ ಕೆಲವೇ ನಿಮಿಷ ಮೊದಲು ಝಿಮ್ಮರ್‌ಮನ್ ಪೊಲೀಸರಿಗೆ ಮಾಡಿದ್ದ ಕರೆಯ ಬಗ್ಗೆ ಇಂದಿಗೂ ವಾದ ನಿಂತಿಲ್ಲ.

ಹುಡುಗನನ್ನು ಹಿಂಬಾಲಿಸುತ್ತಿದ್ದೀರಾ ಎಂದು ಕರೆ ಸ್ವೀಕರಿಸಿದವರು ಕೇಳುತ್ತಾರೆ, ಹೌದು ಎನ್ನುತ್ತಾನೆ, ಅದರ ಅಗತ್ಯ ನಮಗಿಲ್ಲ ಎಂದಾಗ ಸರಿ ಎನ್ನುತ್ತಾನೆ. ಪೊಲೀಸರ ಆಜ್ಞೆಯನ್ನೇ ಮೀರಿದ ಎಂಬ ಜನಪ್ರಿಯ ವಾದ ಇಲ್ಲಿ ನಿಲ್ಲುವುದಿಲ್ಲ. ಕರೆ ಸ್ವೀಕರಿಸಿದವರು ಪೊಲೀಸ್ ಅಧಿಕಾರಿಯಾಗಿರಲಿಲ್ಲ, ಕಾನೂನಿನ ಹೊಣೆ ಬರಬಹುದೆಂಬ ಕಾರಣಕ್ಕೆ ತಾವು ಯಾರಿಗೂ ನೇರ ಆಜ್ಞೆ ಕೊಡುವುದಿಲ್ಲವೆಂದು ಅವರೇ ಸಾಕ್ಷಿ ನುಡಿದರು. ಹಾಗೆಂದು ಕರೆಯಲ್ಲಿ ಏನೂ ಇಲ್ಲವೆನ್ನುವುದೂ ತಪ್ಪು. ಇಂಥವರು ಯಾವಾಗಲೂ ತಪ್ಪಿಸಿಕೊಂಡುಬಿಡುತ್ತಾರೆಂದು ಅವನು ಬೈಗುಳ ಸೇರಿಸಿ ಆಡಿದ ಮಾತು, ಪರಿಚಯವೇ ಇಲ್ಲದ ಹುಡುಗನ ಬಗ್ಗೆ ಅವನು ಆಗಲೇ ತೀರ್ಮಾನಕ್ಕೆ ಬಂದಿದ್ದನೆಂಬುದನ್ನು ತೋರಿಸುತ್ತದೆ, ಮತ್ತು ದ್ವೇಷಭಾವನೆಯನ್ನು ಸಾಬೀತುಪಡಿಸಲು ಪ್ರಾಸಿಕ್ಯೂಷನ್ ಆಧರಿಸಿದ್ದು ಅದನ್ನೇ. ನನಗೆ ಅದಕ್ಕಿಂತ ಮಹತ್ವದ್ದಾಗಿ ಕಾಣುವುದು ಕರೆಯ ಕೊನೆ: ಅಂಚೆ ಪೆಟ್ಟಿಗೆಗಳ ಬಳಿ ಪೊಲೀಸರನ್ನು ಭೇಟಿಯಾಗಲು ಒಪ್ಪಿದವನು ತಕ್ಷಣ ಮನಸ್ಸು ಬದಲಿಸಿ, ಅವರು ಬಂದು ನನಗೆ ಫೋನ್ ಮಾಡಲಿ, ಎಲ್ಲಿದ್ದೇನೆಂದು ಆಗ ಹೇಳುತ್ತೇನೆ ಎನ್ನುತ್ತಾನೆ. ಒಂದೇ ಕಡೆ ನಿಲ್ಲುವ ಉದ್ದೇಶವಿದ್ದವನ ಮಾತು ಇದಲ್ಲವೆಂದು ನನ್ನ ಅನಿಸಿಕೆ. ಪೊಲೀಸರಿಗೆ ತಿಳಿಸಲು ಆ ಜಾಗದ ವಿಳಾಸ ಹುಡುಕುತ್ತಿದ್ದೆನೆಂಬುದು ಅವನ ವಿವರಣೆ.

ಪೂರ್ತಿ ಧ್ವನಿಮುದ್ರಣವನ್ನೇ ಕೇಳಬೇಕೆನ್ನುವುದಕ್ಕೂ ಇಲ್ಲಿ ಕಾರಣವಿದೆ. ಹುಡುಗನ ಜನಾಂಗ ಯಾವುದೆಂದು ಕೇಳಿದ ಪ್ರಶ್ನೆಯನ್ನು ಎನ್‌ಬಿಸಿ ವಾಹಿನಿ ಕತ್ತರಿಸಿ, ಝಿಮ್ಮರ್‌ಮನ್ ತಾನಾಗಿಯೇ ಬಣ್ಣದ ಮಾತೆತ್ತಿದಂತೆ ಪ್ರಸಾರ ಮಾಡಿತ್ತು.

ತುರ್ತು ಸಂಖ್ಯೆ 911ಕ್ಕೆ ನೆರೆಯವರು ಮಾಡಿದ ಕರೆಯೊಂದರಲ್ಲಿ ಹಿನ್ನೆಲೆಯ ಕಿರುಚಾಟವೂ ಗುಂಡಿನ ಸದ್ದೂ ದಾಖಲಾಗಿವೆ. ಆ ಕೂಗು ತನ್ನ ಮಗನದೆಂದು ಇಬ್ಬರು ತಾಯಂದಿರೂ ಸಾಕ್ಷಿ ನುಡಿದರು. ಪ್ರಾಸಿಕ್ಯೂಷನ್ ಪರ ತಜ್ಞರು ಧ್ವನಿಯನ್ನು ಗುರುತಿಸಿದ್ದೇವೆಂದರೂ, ಇತರ ಸದ್ದು ಬೆರೆಯದ ಕೆಲವೇ ಸೆಕೆಂಡುಗಳ ಚೀರಾಟದಿಂದ ಅದು ಸಾಧ್ಯವಿಲ್ಲವೆಂದು ಎಫ್‌ಬಿಐ ತಜ್ಞರು ಹೇಳಿದರು. ಜೀವಭಯದ ಚೀರಾಟವನ್ನು ಶಾಂತವಾಗಿ ಆಡಿದ ಮಾತಿನ ಮಾದರಿಯೊಂದಿಗೆ ಹೋಲಿಸುವ ವಿಧಾನವೇ ದುರ್ಬಲ. ನ್ಯಾಯಾಧೀಶೆ ಡೆಬ್ರಾ ನೆಲ್ಸನ್ ಪ್ರಾಸಿಕ್ಯೂಷನ್ ಪರ ತಜ್ಞರ ಸಾಕ್ಷ್ಯವನ್ನು ಹೊರಗಿಟ್ಟದ್ದು ಸರಿಯಾಗಿಯೇ ಇತ್ತು.

ಝಿಮ್ಮರ್‌ಮನ್‌ನ ಕರೆ ಮುಗಿದದ್ದು 7 ಗಂಟೆ 13 ನಿಮಿಷಕ್ಕೆ. ನೆರೆಯವರ ಮೊದಲ ಕರೆ ಬಂದದ್ದು 7 ಗಂಟೆ 16 ನಿಮಿಷಕ್ಕೆ. ಮೊದಲು ಕೈ ಮಾಡಿದವರು ಯಾರೆಂಬ ಪ್ರಶ್ನೆಯ ಉತ್ತರವಿರುವ ಆ ನಡುವಿನ ಸಮಯ ಪೊಲೀಸರ ಯಾವ ಮುದ್ರಣದಲ್ಲೂ ಇಲ್ಲ. ಆತ್ಮರಕ್ಷಣೆಯ ವಾದವನ್ನು ಸಂದೇಹಕ್ಕೆಡೆಯಿಲ್ಲದಂತೆ ಅಲ್ಲಗಳೆಯುವ ಹೊಣೆ ಪ್ರಾಸಿಕ್ಯೂಷನ್ ಮೇಲಿದ್ದುದರಿಂದ, ದಾಖಲೆಯಾಗದ ಆ ಸಮಯದ ಲಾಭ ಆರೋಪಿಗೆ ಸಂದಿತು. 2013ರ ಜುಲೈ 13ರಂದು ಆರು ಮಹಿಳೆಯರ ಜ್ಯೂರಿ ಅವನನ್ನು ಖುಲಾಸೆಗೊಳಿಸಿತು.