ಒಂದೇ ಗುಡ್ಡ: ಮೇಲೆ ಬುದ್ಧ, ಕೆಳಗೆ ಕಲ್ಲಿದ್ದಲು

ಗುಹೆಯ ಬಾಗಿಲ ಒಂದು ಬದಿಗೆ ಮೂರು ತಲೆ, ಎಂಟು ಕೈಗಳ ದೇವರು ಎತ್ತಿನ ಮೇಲೆ ಕೂತಿದ್ದಾನೆ. ಎದುರು ಬದಿಗೆ ಐದು ತಲೆ, ಆರು ಕೈಗಳ ಇನ್ನೊಬ್ಬ ಹಕ್ಕಿಯ ಮೇಲೆ ಕೂತಿದ್ದಾನೆ. ಎತ್ತಿನ ಮೇಲಿರುವವನು ಮಹೇಶ್ವರ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ಈ ಗುಹೆ ಇರುವುದು ನಮ್ಮ ಕಡೆ ಅಲ್ಲ. ಉತ್ತರ ಚೀನಾದ ಶಾನ್ಶಿ ಪ್ರಾಂತ್ಯದಲ್ಲಿ, ದಾತೋಂಗ್ ಎಂಬ ಗಣಿ ಊರಿನ ಹೊರಗೆ ಇದೆ. ಯುಂಗಾಂಗ್ ಗುಹೆಗಳು ಅಂತ ಇವಕ್ಕೆ ಹೆಸರು. ಬಾದಾಮಿಯ ಮೂರನೇ ಗುಹೆಯ ಶಾಸನ 578ರದ್ದು. ಇವು ಅದಕ್ಕಿಂತ ಸುಮಾರು ನೂರು ವರ್ಷ ಹಳೆಯವು.

ದಾತೋಂಗ್‌ಗೆ ಚೀನಾದಲ್ಲಿ ‘ಕಲ್ಲಿದ್ದಲ ರಾಜಧಾನಿ’ ಅಂತಲೇ ಹೆಸರು. ಗುಹೆಗಳನ್ನು ಕೊರೆದ ಮರಳುಗಲ್ಲೂ ಊರಿಗೆ ಅನ್ನ ಕೊಟ್ಟ ಕಲ್ಲಿದ್ದಲೂ ಒಂದೇ ಗುಡ್ಡಸಾಲಿನವು. ಎರಡೂ ಡೈನೋಸಾರ್‌ಗಳು ಓಡಾಡುತ್ತಿದ್ದ ಜುರಾಸಿಕ್ ಕಾಲದ ಪದರಗಳು. ಕೆಳಗೆ ಕಲ್ಲಿದ್ದಲು, ಅದರ ಮೇಲೆ ಮರಳುಗಲ್ಲು. ಮೇಲಿನ ಪದರದಲ್ಲಿ ಬುದ್ಧನನ್ನು ಕಡೆದರು, ಕೆಳಗಿನದನ್ನು ಅಗೆದು ಸುಟ್ಟರು. ಈ ಊರಿನ ಕಥೆಯನ್ನು ಹೀಗೆ ಎರಡೂ ಪದರ ಸೇರಿಸಿಯೇ ಓದಬೇಕು ಅಂತ ನನಗೆ ಅನಿಸುತ್ತದೆ.

398ರಲ್ಲಿ ಹುಲ್ಲುಗಾವಲಿನಿಂದ ಬಂದ ತುವೋಬಾ ಕುಲದವರು ಇಲ್ಲಿ ರಾಜಧಾನಿ ಕಟ್ಟಿದರು. ಆಗ ಊರಿನ ಹೆಸರು ಪಿಂಗ್‌ಚೆಂಗ್, ರಾಜ್ಯದ ಹೆಸರು ಉತ್ತರ ವೇಯ್. ಅವರಲ್ಲಿ ಒಬ್ಬ ದೊರೆ 446ರಲ್ಲಿ ಬೌದ್ಧರ ಮೇಲೆ ಮುಗಿಬಿದ್ದ. ಮಠಗಳು ಉರುಳಿದವು, ವಿಗ್ರಹಗಳು ಒಡೆದವು. 452ರಲ್ಲಿ ಅವನ ಮೊಮ್ಮಗ ಪಟ್ಟಕ್ಕೆ ಬಂದು ಧರ್ಮವನ್ನು ಮತ್ತೆ ಎತ್ತಿ ಹಿಡಿದ. ಸುಮಾರು 460ರಲ್ಲಿ ತಾನ್‌ಯಾವ್ ಎಂಬ ಭಿಕ್ಷು ದೊರೆಯನ್ನು ಒಪ್ಪಿಸಿ ಗುಡ್ಡ ಕೊರೆಸಲು ಶುರುಮಾಡಿದ. ಮೊದಲ ಐದು ಗುಹೆಗಳ ಭಾರಿ ಬುದ್ಧರು ಆ ವಂಶದ ಐದು ದೊರೆಗಳ ಗುರುತು ಅಂತ ಹೇಳುತ್ತಾರೆ. ಮರದ ವಿಗ್ರಹವನ್ನು ಸುಡಬಹುದು, ಲೋಹದ್ದನ್ನು ಕರಗಿಸಬಹುದು. ಗುಡ್ಡವನ್ನೇ ಬುದ್ಧ ಮಾಡಿಬಿಟ್ಟರೆ? ತಾನ್‌ಯಾವ್ ಹೀಗೆ ಯೋಚಿಸಿರಬೇಕು ಅಂತ ನನ್ನ ಊಹೆ. 494ರಲ್ಲಿ ರಾಜಧಾನಿ ಲುವೋಯಾಂಗ್‌ಗೆ ಹೋಯಿತು. ಅಷ್ಟರಲ್ಲಿ ಇಲ್ಲಿ 50,000ಕ್ಕೂ ಜಾಸ್ತಿ ಚಿಕ್ಕ ದೊಡ್ಡ ಮೂರ್ತಿಗಳನ್ನು ಒಳಗೊಳ್ಳುವ ಕೆಲಸದ ಬಹುಪಾಲು ನಡೆದುಹೋಗಿತ್ತು. ಅತಿ ದೊಡ್ಡ ಬುದ್ಧ 17 ಮೀಟರ್ ಎತ್ತರ.

ಅದೇ ರಾಜ್ಯದಲ್ಲಿ ಲಿ ದಾವೋಯುವಾನ್ ಎಂಬ ಅಧಿಕಾರಿ ನದಿಗಳ ಬಗ್ಗೆ ದೊಡ್ಡ ಗ್ರಂಥ ಬರೆದ. ಈ ಕಡೆಯ ಬೆಟ್ಟದಲ್ಲಿ ಉರಿಯುವ ಕಲ್ಲು ಇದೆ, ಸೌದೆಯ ಇದ್ದಿಲಿನಷ್ಟೇ ಶಾಖ ಕೊಡುತ್ತದೆ ಅಂತ ಅದರಲ್ಲಿ ಬರುತ್ತದೆ. ಅಂದರೆ ಆಗಲೇ ಜನಕ್ಕೆ ಗೊತ್ತಿತ್ತು.

ಆಮೇಲಿನ ಸಾವಿರ ವರ್ಷಗಳಲ್ಲಿ ಇದು ಗಡಿಯ ಊರು. ಲಿಯಾವ್ ದೊರೆಗಳಿಗೆ ಪಶ್ಚಿಮದ ರಾಜಧಾನಿ, ಮಿಂಗ್ ದೊರೆಗಳಿಗೆ ಮಂಗೋಲರನ್ನು ತಡೆಯುವ ಕೋಟೆ. ಕಲ್ಲಿದ್ದಲು ದೊಡ್ಡ ವ್ಯಾಪಾರವಾಗಲು ರೈಲು ಬೇಕಿತ್ತು. ಅದು 1914ರಲ್ಲಿ ಬಂತು.

ರೈಲು ಬಂದಮೇಲೆ ಬೇರೆಯವರ ಕಣ್ಣೂ ಬಿತ್ತು. 1937ರ ಸೆಪ್ಟೆಂಬರ್‌ನಲ್ಲಿ ಜಪಾನಿ ಸೇನೆ ದಾತೋಂಗ್ ಹಿಡಿಯಿತು. ಮುಂದಿನ ಎಂಟು ವರ್ಷಗಳಲ್ಲಿ ಸುಮಾರು 1 ಕೋಟಿ 40 ಲಕ್ಷ ಟನ್ ಕಲ್ಲಿದ್ದಲು ಹೊರಗೆ ಹೋಯಿತು, 60,000 ಗಣಿ ಕಾರ್ಮಿಕರು ಸತ್ತರು ಎಂಬುದು ಚೀನಾದ ಲೆಕ್ಕ. ಹಸಿವು, ಕಾಯಿಲೆ, ಹೊಡೆತ, ಕುಸಿತ. ದುಡಿಯಲಾಗದವರನ್ನು ಹಳ್ಳಕ್ಕೆ ಎಸೆಯುತ್ತಿದ್ದರು, ಕೆಲವರಿಗೆ ಇನ್ನೂ ಉಸಿರಿರುತ್ತಿತ್ತು ಅನ್ನುತ್ತಾರೆ. ಮೇಯ್‌ಯುಕೌ ಎಂಬಲ್ಲಿ ಅಂಥ ಹಳ್ಳ ಇವತ್ತಿಗೂ ಇದೆ. ಅದಕ್ಕೆ ‘ಹತ್ತು ಸಾವಿರ ಜನರ ಗುಂಡಿ’ ಅಂತ ಹೆಸರು. ಈಗ ಅದು ಸ್ಮಾರಕ.

1949ರಲ್ಲಿ ಹೊಸ ಸರ್ಕಾರ ಬಂತು, ಗಣಿಗಳೆಲ್ಲ ಸರ್ಕಾರದ ಕೈಗೆ ಹೋದವು. ಕಾರ್ಮಿಕನಿಗೆ ಗೌರವ, ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲ ಸಿಕ್ಕಿದ್ದು ನಿಜ. ಸಾವು ಮಾತ್ರ ಬಿಡಲಿಲ್ಲ. ಗುರಿ ಮೀರಿ ಅಗೆಯಿರಿ ಎಂಬ ಕೂಗಿನ ಕಾಲ ಅದು. 1960ರ ಮೇ 9ರಂದು ಲಾವೋಬಾಯ್‌ದೋಂಗ್ ಗಣಿಯ ಒಳಗೆ ಕಲ್ಲಿದ್ದಲ ಧೂಳು ಸ್ಫೋಟಿಸಿತು. 680ಕ್ಕೂ ಜಾಸ್ತಿ ಜನ ಸತ್ತರು. 1949ರ ನಂತರ ಚೀನಾ ಕಂಡ ಅತಿ ದೊಡ್ಡ ಗಣಿ ದುರಂತ ಇದೇ. ಆದರೂ ಸುಮಾರು ಮೂವತ್ತು ವರ್ಷ ಹೊರಗಿನವರಿಗೆ ಸುದ್ದಿಯೇ ಸಿಗಲಿಲ್ಲ. ಜಪಾನಿಯರ ಗುಂಡಿಗೆ ಸ್ಮಾರಕ ಎದ್ದಿತು. ಈ ಮನೆಗಳ ದುಃಖವನ್ನು ಮುಚ್ಚಿಟ್ಟರು. ದಾತೋಂಗ್ ಬಗ್ಗೆ ಓದಿದ್ದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ.

1973ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಪೊಂಪಿದು ಯುಂಗಾಂಗ್ ನೋಡಲು ಬಂದರು. ಜೊತೆಗೆ ಪ್ರಧಾನಿ ಝೌ ಎನ್‌ಲಾಯ್ ಇದ್ದರು. ಬಿರುಕು ಬಿಟ್ಟ ಗೋಡೆಗಳನ್ನು ನೋಡಿ, ಮೂರು ವರ್ಷದಲ್ಲಿ ರಿಪೇರಿ ಮುಗಿಸಬೇಕು ಅಂದರು ಝೌ. ಕೆಲಸ ಆಯಿತು. ಆದರೆ ನಿಜವಾದ ಕಾಟ ಗುಹೆಯ ಮುಂದಿನ ರಸ್ತೆಯಲ್ಲಿತ್ತು.

ಎಂಬತ್ತರ ದಶಕದಲ್ಲಿ ಚೀನಾದ ಕಾರ್ಖಾನೆಗಳಿಗೆ ಹೊಟ್ಟೆ ತುಂಬುತ್ತಲೇ ಇರಲಿಲ್ಲ. ದಾತೋಂಗ್‌ನಿಂದ ಛಿನ್‌ಹುವಾಂಗ್‌ದಾವ್ ಬಂದರಿಗೆ 653 ಕಿಲೋಮೀಟರ್ ಉದ್ದದ ರೈಲು ಮಾರ್ಗವನ್ನು ಮುಖ್ಯವಾಗಿ ಕಲ್ಲಿದ್ದಲಿಗಾಗಿಯೇ ಹಾಕಿದರು. 1988ರಲ್ಲಿ ಮೊದಲ ಹಂತ, 1992ರಲ್ಲಿ ಪೂರ್ತಿ. ಉಗಿ ಎಂಜಿನ್ ಮಾಡುವ ದೊಡ್ಡ ಕಾರ್ಖಾನೆಯೂ ಇದೇ ಊರಿನಲ್ಲಿತ್ತು. ಮುಖ್ಯ ಮಾರ್ಗಗಳ ದೊಡ್ಡ ಉಗಿ ಎಂಜಿನ್‌ಗಳನ್ನು ಇಲ್ಲಿ 1988ರವರೆಗೂ ತಯಾರಿಸಿದರು. ರೈಲಿಗೆ ಹಿಡಿಸದ ಕಲ್ಲಿದ್ದಲು ಲಾರಿಗಳಲ್ಲಿ ಹೋಗುತ್ತಿತ್ತು. ಗುಹೆಗಳ ಮುಂದೆಯೇ ಹೆದ್ದಾರಿ. ಲಾರಿ ಹೋದ ಹಾಗೆಲ್ಲ ಕರಿ ಧೂಳು ಎದ್ದು ಬುದ್ಧನ ಹೆಗಲು, ಮಡಿಲು, ರೆಪ್ಪೆಯ ಮೇಲೆ ಕೂರುತ್ತಿತ್ತು. ಗಂಧಕದ ಹೊಗೆ ತೇವದ ಜೊತೆ ಸೇರಿ ಮರಳುಗಲ್ಲನ್ನು ತಿನ್ನುತ್ತಿತ್ತು. ಕೆಳಗಿನ ಪದರ ಮೇಲೆ ಬಂದು ಮೇಲಿನ ಪದರವನ್ನು ಹಾಳುಮಾಡುತ್ತಿತ್ತು. ಕೊನೆಗೆ 1998ರಲ್ಲಿ ಹೆದ್ದಾರಿಯನ್ನೇ ಬೇರೆ ಕಡೆಗೆ ತಿರುಗಿಸಿದರು. 2001ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಗುಹೆಗಳಿಗೆ ಜಾಗ ಸಿಕ್ಕಿತು.

ಅಷ್ಟರಲ್ಲಿ ಮೇಲಿನ ಒಳ್ಳೆಯ ಜುರಾಸಿಕ್ ಕಲ್ಲಿದ್ದಲು ಮುಗಿಯುತ್ತಾ ಬಂದಿತ್ತು. ಅಗೆದು ಟೊಳ್ಳಾದ ನೆಲ ಕುಸಿದು ಮನೆಗಳು ಬಿರುಕುಬಿಟ್ಟವು. ಗಣಿ ಕುಟುಂಬಗಳನ್ನು ಹೊಸ ಬಡಾವಣೆಗಳ ಫ್ಲಾಟ್‌ಗಳಿಗೆ ಸಾಗಿಸಿದರು. 2008ರಲ್ಲಿ ಮೇಯರ್ ಆಗಿ ಬಂದ ಗೆಂಗ್ ಯೆನ್‌ಬೋ ಊರಿನ ದಿಕ್ಕನ್ನೇ ಬದಲಿಸಲು ಹೊರಟರು. 1372ರ ಮಿಂಗ್ ಕೋಟೆಗೋಡೆಯನ್ನು ಮತ್ತೆ ಕಟ್ಟಬೇಕು, ಗಣಿಯ ಬದಲು ಪ್ರವಾಸಿಗರು ಊರನ್ನು ಸಾಕಬೇಕು. ಅದಕ್ಕಾಗಿ ಸಾವಿರಾರು ಮನೆಗಳು ಉರುಳಿದವು. ಜನ ಅವರನ್ನು ‘ಕೆಡವುವ ಗೆಂಗ್’ ಅಂತಲೇ ಕರೆದರು. ಆದರೆ 2013ರಲ್ಲಿ ವರ್ಗವಾದಾಗ ಇದೇ ಊರಿನವರು ಬೀದಿಗೆ ಬಂದು, ಕೆಲವರು ಮಂಡಿಯೂರಿ, ಅವರನ್ನು ಕಳಿಸಬೇಡಿ ಅಂದರು. ನನಗೆ ಎರಡೂ ಅರ್ಥವಾಗುತ್ತದೆ. ಮನೆ ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ. ಅರ್ಧ ಕಟ್ಟಿದ ಊರು ಸಾಲದ ಜೊತೆ ತಮ್ಮ ತಲೆಗೇ ಉಳಿಯುತ್ತದಲ್ಲ ಎಂಬ ಭಯವೂ ಸುಳ್ಳಲ್ಲ.

ಗೋಡೆ ಎದ್ದು ನಿಂತಿದೆ, ಪ್ರವಾಸಿಗರೂ ಬರುತ್ತಿದ್ದಾರೆ. ಬೀಜಿಂಗ್‌ನಿಂದ ಬುಲೆಟ್ ರೈಲಿನಲ್ಲಿ ಸುಮಾರು ಎರಡು ಗಂಟೆ. ಬಂಡೆಗೆ ಅಂಟಿಕೊಂಡಂತೆ ಕಾಣುವ ತೂಗುವ ದೇಗುಲ, ಒಂಬತ್ತು ಡ್ರ್ಯಾಗನ್‌ಗಳ ಬಣ್ಣದ ಹೆಂಚಿನ ಗೋಡೆ, ಹುವಾಯೆನ್ ದೇವಾಲಯ, ಹಿಟ್ಟಿನ ಮುದ್ದೆಯಿಂದ ಚಾಕುವಿನಲ್ಲಿ ನೇರ ಕುದಿಯುವ ನೀರಿಗೆ ಹೆರೆಯುವ ನೂಡಲ್ಸ್. 2024ರಲ್ಲಿ ಬಂದ ‘ಬ್ಲ್ಯಾಕ್ ಮಿತ್: ವುಕಾಂಗ್’ ವಿಡಿಯೋ ಗೇಮ್‌ನಲ್ಲಿ ಶಾನ್ಶಿಯ 27 ಹಳೆಯ ಜಾಗಗಳಿವೆ, ಯುಂಗಾಂಗ್ ಕೂಡ ಅದರಲ್ಲಿ ಒಂದು. ಆಟ ಆಡಿದ ಹುಡುಗರು ನಿಜವಾದದ್ದನ್ನು ನೋಡಲು ರೈಲು ಹತ್ತಿದರು. ಗುಹೆಗಳ ಹತ್ತಿರದ ಜಿನ್‌ಹುವಾಗೋಂಗ್ ಗಣಿಯಲ್ಲೂ ಒಂದು ಗಣಿ ಪಾರ್ಕ್ ಮಾಡಿದ್ದಾರೆ. ಕುಸಿದ ನೆಲದ ಮೇಲೆ ಸೋಲಾರ್ ಫಲಕಗಳು ಬಂದಿವೆ. ದಾತೋಂಗ್‌ನ ಇನ್ನೊಂದು ಕಡೆ ಅಂಥ ಫಲಕಗಳನ್ನು ಆಕಾಶದಿಂದ ನೋಡಿದರೆ ಪಾಂಡಾ ಕಾಣುವ ಹಾಗೆ ಜೋಡಿಸಿದ್ದಾರೆ.

ಹಾಗಂತ ಗಣಿ ಮುಚ್ಚಿಲ್ಲ. ಈಗ ಇನ್ನೂ ಆಳದ, ಇನ್ನೂ ಹಳೆಯ ಪದರಗಳನ್ನು ಯಂತ್ರಗಳು ಅಗೆಯುತ್ತಿವೆ. ಬಂದರಿನ ಮಾರ್ಗದಲ್ಲಿ 20,000 ಟನ್ ತೂಗುವ ರೈಲುಗಳು ಓಡುತ್ತಿವೆ. ಒಂದೊಂದಕ್ಕೆ 210 ವ್ಯಾಗನ್, ಉದ್ದ 2.6 ಕಿಲೋಮೀಟರ್. ಸುಮ್ನೆ ನಿಂತು ಎಣಿಸಲು ಹೊರಟರೆ ಮಧ್ಯದಲ್ಲೇ ಲೆಕ್ಕ ತಪ್ಪುವಷ್ಟು.